ಬಿಟ್ಟುಕೊಡಬೇಕಾಗಿದ್ದ ಅಲೆ

ಸೆಲ್ವರಾಜ್ ಕಾಲಿಗೆ ಇಪ್ಪತ್ತಾರು ಹೊಲಿಗೆ ಹಾಕಿಸಿಕೊಂಡು ಕೆ.ಜಿ.ಎಫ್.ನ ಉರಿಗಾಂನಲ್ಲಿರುವ ತಂಗಿಯ ಮನೆಗೆ ಬಂದು ಎರಡು ತಿಂಗಳಾಗಿತ್ತು. ಗಾಯ ಮಾಗಿತ್ತು, ಆದರೆ ಎಡಮಂಡಿ ಮೊದಲಿನಂತೆ ಮಡಚುತ್ತಿರಲಿಲ್ಲ. ನೆಲದ ಮೇಲೆ ಕೂತು ಉಣ್ಣಲು ಆಗದೆ ತಂಗಿ ರಾಧಾಮಣಿಯ ಹೊಲಿಗೆ ಮಿಷನ್ನಿನ ಸ್ಟೂಲನ್ನೇ ಊಟಕ್ಕೂ ಎಳೆದುಕೊಳ್ಳುತ್ತಿದ್ದ. ರಾಧಾಮಣಿ ಹಗಲೆಲ್ಲ ರಾಬರ್ಟ್‌ಸನ್‌ಪೇಟೆಯ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುವಳು. ಅವಳ ಗಂಡ ರಾಜ್‌ಕುಮಾರ್ ಕತ್ತಲಿರುವಾಗಲೇ ಎದ್ದು ರೈಲಿನಲ್ಲಿ ಬೆಂಗಳೂರಿಗೆ ಹೋಗುವವನು. ಹೀಗಾಗಿ ಗಣಿಯ ಕಾಲದ ಆ ಎರಡು ಕೋಣೆಯ ಲೈನ್ ಮನೆಯಲ್ಲಿ ಐವತ್ತೆಂಟು ವರ್ಷದ ಸೆಲ್ವರಾಜ್ ಸಂಜೆಯವರೆಗೂ ಒಬ್ಬನೇ ಇರುತ್ತಿದ್ದ.

ಏನಾಯಿತೆಂದು ಲೈನಿನ ಹಳಬರು ಕೇಳಿದರೆ ಕಡಲಲ್ಲಿ ಬಿದ್ದೆ ಎನ್ನುತ್ತಿದ್ದ. ಅವರೂ ಅಷ್ಟಕ್ಕೇ ಬಿಡುತ್ತಿದ್ದರು. ನೆಲದಡಿ ಇಳಿದು ಬದುಕು ಮಾಡಿದವರ ಊರು ಅದು. ಪೆಟ್ಟು ಮಾಡಿಕೊಂಡು ಬಂದವನನ್ನು ಕೆದಕಿ ಕೇಳುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ.

ಅವನೂ ಗಣಿಯ ಆಳೇ. ಇಪ್ಪತ್ತನೇ ವಯಸ್ಸಿಗೆ ಅಪ್ಪನ ಜೊತೆ ಇಳಿದವನು, ಗಣಿ ಮುಚ್ಚಿದಾಗ ಮೂವತ್ತೈದು ದಾಟಿರಲಿಲ್ಲ. ಆಗಷ್ಟೇ ಒಂದು ಹೆಣ್ಣು ನೋಡಿ ಮಾತುಕತೆಯಾಗಿತ್ತು. ಗಣಿಗೆ ಬೀಗ ಬಿದ್ದ ಮೇಲೆ ಹೆಣ್ಣಿನ ಕಡೆಯವರು ಸುಮ್ಮನಾದರು, ಸೆಲ್ವರಾಜನೂ ಮತ್ತೆ ಆ ಮಾತು ಎತ್ತಲಿಲ್ಲ. ಮದರಾಸಿನ ದಕ್ಷಿಣಕ್ಕೆ ಕಡಲ ದಂಡೆಯ ಕುಪ್ಪಂನಲ್ಲಿ ಅವನ ಚಿಕ್ಕಮ್ಮ ಇದ್ದಳು. ಕುಪ್ಪಂ ಎಂದರೆ ಕೆ.ಜಿ.ಎಫ್. ಪಕ್ಕದ ಆಂಧ್ರದ ಕುಪ್ಪಂ ಅಲ್ಲ. ಆ ಕಡೆ ಮೀನುಗಾರರ ಕೇರಿಗಳಿಗೆಲ್ಲ ಕುಪ್ಪಂ ಎಂದೇ ಹೆಸರು. ಚಿಕ್ಕಮ್ಮನ ಗಂಡ ಅವನಿಗೆ ಅಲ್ಲಿನ ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದ.

ಆ ಫ್ಯಾಕ್ಟರಿಯ ಗೇಟಿನ ಪಕ್ಕ, ಯಾವನೋ ವಿದೇಶಿ ಬಿಟ್ಟುಹೋಗಿದ್ದ ಒಂದು ಮುರುಕು ಸರ್ಫಿಂಗ್ ಹಲಗೆ ಬಿದ್ದಿತ್ತು. ಮಂಜುಗಡ್ಡೆ ಒಯ್ಯಲು ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ದೋಣಿಗೆ ಬಳಿಯುವ ಅಂಟನ್ನೇ ಅದಕ್ಕೂ ಬಳಿದು ಬಿರುಕು ಮುಚ್ಚಿದರು. ಮೂವರಿಗೂ ಕಲಿಸುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಬಲೆ ಎಳೆದ ಮೇಲೆ ಒಬ್ಬ ಹಲಗೆಯ ಮೇಲೆ ಮಲಗಿ ಕೈಬಡಿದುಕೊಂಡು ಹೋಗುವನು, ಉಳಿದಿಬ್ಬರು ಎದೆಮಟ್ಟದ ನೀರಲ್ಲಿ ನಿಂತು ಬರುವ ಅಲೆಯನ್ನು ಕೂಗಿ ಹೇಳುವರು. ಅವನು ಬಿದ್ದರೆ ನಗುವರು, ನಿಂತರೆ ಇನ್ನೂ ಜೋರಾಗಿ ನಗುವರು. ಹದಿನೈದು ವರ್ಷ ನೆಲದಡಿಯ ವಾಸನೆ ಕುಡಿದಿದ್ದ ಸೆಲ್ವರಾಜ್ ಮೊದಲ ಸಲ ಅಲೆಯ ಮೇಲೆ ಎದ್ದು ನಿಂತಾಗ, ಹತ್ತು ಎಣಿಸುವಷ್ಟು ಹೊತ್ತು, ಅವನಿಗೆ ತಾನು ಏನನ್ನು ಕಳೆದುಕೊಂಡು ಇಲ್ಲಿಗೆ ಬಂದೆ ಎನ್ನುವುದೇ ಮರೆತುಹೋಗಿತ್ತು.

ಕುಪ್ಪಂನ ಮುಂದೆ ನೀರಡಿಯಲ್ಲಿ ಒಂದು ಬಂಡೆಸಾಲು ಇತ್ತು. ಅಲೆ ಅಲ್ಲಿಗೆ ಬಂದು ಎದ್ದು, ಒಂದು ತುದಿಯಿಂದ ಇನ್ನೊಂದು ತುದಿಗೆ ಪುಸ್ತಕದ ಹಾಳೆ ಮಗುಚಿದಂತೆ ಮುರಿಯುತ್ತಿತ್ತು. ಅಂಥ ಜಾಗ ಆ ದಂಡೆಯಲ್ಲಿ ಒಂದೇ. ವರ್ಷಗಳು ಕಳೆದಂತೆ ಅದರ ಸುದ್ದಿ ಹರಡಿತು. ಮದರಾಸಿನವರು ಬಂದರು, ಬೆಂಗಳೂರಿನವರು ಬಂದರು. ಒಬ್ಬರು ಅಲ್ಲೇ ಸರ್ಫಿಂಗ್ ಶಾಲೆ ತೆರೆದರು. ಸೆಲ್ವರಾಜ್ ಐಸ್ ಫ್ಯಾಕ್ಟರಿ ಬಿಟ್ಟು ಶಾಲೆಯಲ್ಲಿ ಕಲಿಸುವವನಾದ.

ಹೊಸಬರಿಗೆ ಅವನು ಕಲಿಸುತ್ತಿದ್ದ ಮೊದಲ ಪಾಠ ಈಜು ಅಲ್ಲ, ಸರದಿ. ಅಲೆ ಯಾವ ತುದಿಯಲ್ಲಿ ಮೊದಲು ಮುರಿಯುತ್ತದೋ ಆ ತುದಿಗೆ ಹತ್ತಿರ ಇದ್ದವರದು ಆ ಅಲೆ. ಒಬ್ಬರು ಎದ್ದು ನಿಂತು ಬರುತ್ತಿದ್ದರೆ ಅವರ ಮುಂದೆ ಇನ್ನೊಬ್ಬರು ಏಳಬಾರದು, ಬಿಟ್ಟುಕೊಡಬೇಕು. ಎಲ್ಲರೂ ಒಂದೇ ತರದ ಹಲಗೆಯಲ್ಲಿ ಇದ್ದಷ್ಟು ದಿನ ಇಷ್ಟು ಸಾಕಾಗಿತ್ತು. ಆಮೇಲೆ ಪ್ಯಾಡಲ್‌ನವರು ಬಂದರು. ಉದ್ದ ಹಲಗೆಯ ಮೇಲೆ ನಿಂತೇ ಇದ್ದು ಹುಟ್ಟು ಹಾಕುವವರು ಅವರು. ನಿಂತವರಿಗೆ ದೂರದ ಅಲೆ ಮೊದಲೇ ಕಾಣುತ್ತದೆ, ಕೂತವರ ಕಣ್ಣಿಗೆ ಬೀಳುವ ಮುಂಚೆ ಅವರು ಹಿಡಿದುಬಿಟ್ಟಿರುತ್ತಾರೆ. ಕೊನೆಗೆ ಫಾಯಿಲ್ ಬಂತು. ಗಿಡ್ಡ ಹಲಗೆ, ಅದರಡಿ ಒಂದು ಗಜದ ಕಂಬ, ಕಂಬದ ತುದಿಗೆ ವಿಮಾನದ್ದರಂಥ ಲೋಹದ ರೆಕ್ಕೆ. ವೇಗ ಹಿಡಿದರೆ ರೆಕ್ಕೆ ನೀರಡಿ ಇದ್ದುಕೊಂಡೇ ಹಲಗೆಯನ್ನು ಮೇಲೆತ್ತುತ್ತದೆ, ಸವಾರ ನೀರನ್ನು ಮುಟ್ಟದೆ ತೇಲಿ ಬರುತ್ತಾನೆ. ಅಲೆ ಮುರಿಯುವ ತನಕ ಅವನು ಕಾಯಬೇಕಾಗಿಯೇ ಇಲ್ಲ, ಸಮುದ್ರದ ಉಬ್ಬು ಸಾಕು. ಹೀಗೆ ಮೂರು ತರದವರೂ ಒಂದೇ ಬಂಡೆಸಾಲಿಗೆ ಮುಗಿಬಿದ್ದಾಗ ದಿನಾ ಜಗಳ.

ಕುಪ್ಪಂನಲ್ಲಿ ಫಾಯಿಲ್ ಅನ್ನು ಎಲ್ಲರಿಗಿಂತ ಚೆನ್ನಾಗಿ ಹತ್ತಿದವಳು ಶಶಿರೇಖ. ಅವಳು ಬೂದಿಕೋಟೆಯ ಹುಡುಗಿ. ಏಳು ವರ್ಷದ ಹಿಂದೆ ರಜೆಗೆ ಊರಿಗೆ ಬಂದಿದ್ದ ಸೆಲ್ವರಾಜ್, ಬೂದಿಕೋಟೆಯ ಕೆರೆಯಲ್ಲಿ ದನ ತೊಳೆಯುವುದನ್ನು ನೋಡುತ್ತ ನಿಂತಿದ್ದಾಗ ಒಂದು ಕರು ಆಳಕ್ಕೆ ಹೋಗಿಬಿಟ್ಟಿತ್ತು. ಗಂಡಸರು ದಡದಲ್ಲಿ ಕೂಗಾಡುತ್ತಿದ್ದರೆ ಈ ಹುಡುಗಿ ಧುಮುಕಿ, ಸದ್ದಿಲ್ಲದೆ ಈಜಿ ಹೋಗಿ, ಕರುವಿನ ಕಿವಿ ಹಿಡಿದು ತಂದಿದ್ದಳು. ಅವಳ ಅಪ್ಪ ಆಂಜಿನಪ್ಪನನ್ನು ಅಲ್ಲೇ ಮಾತಾಡಿಸಿದ. ಡಿಗ್ರಿ ಮುಗಿದ ಮೇಲೆ ಆಂಜಿನಪ್ಪ ಮಗಳನ್ನು ಅವನ ಮಾತಿನ ಮೇಲೆ ಕಡಲಿಗೆ ಕಳಿಸಿದ. ಅವಳು ಅದೇ ಶಾಲೆಯಲ್ಲಿ ಕಲಿತು ಅಲ್ಲೇ ಕಲಿಸುವವಳಾದಳು.

ಗಾಯವಾದದ್ದು ಆಷಾಢದ ಒಂದು ಭಾನುವಾರ. ಬೆಳಿಗ್ಗೆ ಏಳಕ್ಕೆಲ್ಲ ನೀರಲ್ಲಿ ನಲವತ್ತು ಜನ. ಸೆಲ್ವರಾಜ್ ಒಂದು ಗಂಟೆಯಿಂದ ಹಲಗೆಯ ಮೇಲೆ ಕೂತು ಕಾದಿದ್ದ; ಒಂದು ಅಲೆಯೂ ಸಿಕ್ಕಿರಲಿಲ್ಲ. ಹೊರಗಿನಿಂದ ಪ್ಯಾಡಲ್‌ನವರು ಒಂದು ಹಿಡಿದುಕೊಂಡು ಬಂದರು, ಫಾಯಿಲ್‌ನವರು ಇನ್ನೊಂದು. ಇಪ್ಪತ್ತು ವರ್ಷದ ಹುಡುಗನೊಬ್ಬ ಅವನನ್ನು ದಾಟುವಾಗ, ಪಕ್ಕಕ್ಕೆ ಬನ್ನಿ ಅಂಕಲ್ ಎಂದ. ಇದೇ ನೀರಲ್ಲಿ ಮೂರೇ ಜನ ಇದ್ದ ದಿನಗಳು ಸೆಲ್ವರಾಜನ ಕಣ್ಣಮುಂದೆ ಬಂದು ಸಿಟ್ಟು ಏರಿತು. ಮುಂದಿನ ಅಲೆ ಎದ್ದಾಗ ತಿರುಗಿ ನೋಡಿದ. ಶಶಿರೇಖ ಆಗಲೇ ಅದರ ಮೇಲೆ ನಿಂತು, ಮುರಿಯುವ ತುದಿಯ ಕಡೆಯಿಂದಲೇ ಬರುತ್ತಿದ್ದಳು. ಅಲೆ ಅವಳದು. ನಾನು ಎದ್ದರೆ ಅವಳು ತಿರುಗಿಕೊಳ್ಳುತ್ತಾಳೆ, ನಾನು ಕಲಿಸಿದ ಹುಡುಗಿ ಎಂದುಕೊಂಡ. ಎದ್ದ. ಅವಳು ತಿರುಗಿಸಲು ನೋಡಿದಳು, ಆದರೆ ಆ ವೇಗಕ್ಕೆ ಜಾಗ ಇರಲಿಲ್ಲ. ಅವನು ಆಯತಪ್ಪಿ ಬಿದ್ದ, ರೆಕ್ಕೆಯ ಅಂಚು ಮಂಡಿಯ ಮೇಲಿನ ಮಾಂಸವನ್ನು ಸೀಳಿಕೊಂಡು ಹೋಯಿತು. ನೀರು ಕೆಂಪಾದುದನ್ನು ನೋಡಿ ಅವನನ್ನು ಮೊದಲು ಹಿಡಿದುಕೊಂಡವಳೂ ಅವಳೇ.

ಆಸ್ಪತ್ರೆಯಲ್ಲಿ ಕುಪ್ಪಂನ ಹಿರಿಯರೂ ಶಾಲೆಯವರೂ ಬಂದು ಹಾಸಿಗೆಯ ಸುತ್ತ ನಿಂತು ಕೇಳಿದರು, ತಪ್ಪು ಯಾರದೆಂದು. ಬಿಟ್ಟುಕೊಡಬೇಕಾಗಿತ್ತು ಎಂದು ಸೆಲ್ವರಾಜ್ ತಮಿಳಿನಲ್ಲಿ ಹೇಳಿದ. ಯಾರು ಬಿಟ್ಟುಕೊಡಬೇಕಾಗಿತ್ತು ಎಂದು ಹೇಳಲಿಲ್ಲ. ಅವರು ತಮಗೆ ತಿಳಿದಂತೆ ತಿಳಿದುಕೊಂಡರು, ಅವನು ತಿದ್ದಲಿಲ್ಲ. ಮೂರು ದಿನದಲ್ಲಿ ಬಂಡೆಸಾಲಿನಲ್ಲಿ ಫಾಯಿಲ್ ನಿಷೇಧವಾಯಿತು, ಶಶಿರೇಖಳ ಕೆಲಸ ಹೋಯಿತು. ಅವಳು ಬೂದಿಕೋಟೆಗೆ ವಾಪಸಾಗಿ ಹಸು ಕರೆಯುತ್ತಿದ್ದಾಳೆ ಎಂದು ಅವನಿಗೆ ಗೊತ್ತಾದದ್ದು ಉರಿಗಾಂಗೆ ಬಂದ ಮೇಲೆ, ಆಂಜಿನಪ್ಪನ ಬಾಯಿಂದ.

ಆಂಜಿನಪ್ಪ ಮೊದಲ ಸಲ ಬಂದಾಗ ಒಂದು ಕ್ಯಾನು ಹಾಲು, ಒಂದು ಚೀಲ ನೀಲಂ ಮಾವಿನಹಣ್ಣು ತಂದಿದ್ದ. ಬಂಗಾರಪೇಟೆಗೆ ಬಂದು ಬಸ್ಸು ಬದಲಾಯಿಸಿ, ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದು, ಆಟೋಗೆ ಯಾಕೆ ದಂಡ ಎಂದು ಉರಿಗಾಂವರೆಗೂ ನಡೆದೇ ಬಂದಿದ್ದ. ಒಳಗೆ ಬಂದವನೇ ಮಂಚದ ಬುಡದಲ್ಲಿ ಕೂತು ಸೆಲ್ವರಾಜನ ಪಾದ ಹಿಡಿದುಕೊಂಡ.

“ಮಗು ಕೈಯಿಂದ ಇಂಗಾಗೋಯ್ತು ಮೇಸ್ಟ್ರೇ. ನೀವು ಮನಸ್ನಾಗೆ ಮಡಿಕೋಬಾರ್ದು.”

ಓಗಲಿ ಬುಡಿ ಎಂದು ಸೆಲ್ವರಾಜ್ ಕಾಲು ಎಳೆದುಕೊಳ್ಳಲು ನೋಡಿದ. ಎಳೆದರೆ ಹೊಲಿಗೆ ನೋಯುತ್ತಿತ್ತು. ಹಾಗೇ ಬಿಟ್ಟ.

ಆಮೇಲೆ ಆಂಜಿನಪ್ಪ ವಾರಕ್ಕೊಂದು ಸಲ, ರಾಧಾಮಣಿಗೆ ರಜೆಯಿರುವ ಭಾನುವಾರ, ಬರತೊಡಗಿದ. ಒಂದು ವಾರ ರಾಗಿಹಿಟ್ಟು, ಒಂದು ವಾರ ನುಗ್ಗೆಕಾಯಿ, ಇನ್ನೊಂದು ವಾರ ಪಿಳ್ಳಮ್ಮ, ಅಂದರೆ ಅವನ ಹೆಂಡತಿ, ಕಾಯಿಸಿ ಕಳಿಸಿದ ತುಪ್ಪ. ಹಾಲಂತೂ ಪ್ರತಿ ಸಲವೂ. ತಂದದ್ದನ್ನು ರಾಧಾಮಣಿಯ ಕೈಗೆ ಕೊಟ್ಟು, ಕಾಲಿನ ಪಟ್ಟಿ ನೋಡಿ, ಪಾದ ಮುಟ್ಟಿ, ಅದೇ ಮಾತನ್ನು ಇನ್ನೊಂದು ಸಲ ಹೇಳಿ ಎದ್ದು ಹೋಗುವನು. ಮಗಳ ಬಗ್ಗೆ ಕೇಳಿದರೆ ತಗ್ಗಿಸಿದ ತಲೆ ಎತ್ತುತ್ತಿರಲಿಲ್ಲ. ಅವಳು ಮಾತು ಕಮ್ಮಿ ಮಾಡಿದ್ದಾಳೆ, ನೀರಿಗೆ ಇಳಿಯುವುದನ್ನೂ ಬಿಟ್ಟಿದ್ದಾಳೆ ಎಂದಷ್ಟೇ ಹೇಳಿದ್ದ.

ಏಳನೇ ಸಲ ಅವನು ಹೋದ ಮೇಲೆ ರಾಧಾಮಣಿ ಹಾಲು ಕಾಯಿಸುತ್ತ ಅಣ್ಣನನ್ನು ಕೇಳಿದಳು.

“ಆ ಮನುಷ್ಯ ಬಂದಾಗೆಲ್ಲ ನೀನ್ಯಾಕಣ್ಣ ಗೋಡೆ ಕಡೆ ತಿರುಗ್ಕೊಳ್ತೀಯ?”

ಸೆಲ್ವರಾಜ್ ಕೋಲು ಹಿಡಿದು ಹೊರಗೆ ಹೊರಟ.

ನಡೆದರೆ ಮಂಡಿ ಸಡಿಲಾಗುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ ಅವನು ಸಂಜೆ ಹೊತ್ತು ಹಳೇ ಗಣಿಯ ಕಡೆ ಹೋಗುವುದಿತ್ತು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದುಬಣ್ಣದ ಮಗ್ಗುಲಲ್ಲಿ ಹಾದು, ಜಾಲಿ ಬೆಳೆದುಕೊಂಡ ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಗಣಿಬಾವಿಯ ಮೇಲಿನ ಕಬ್ಬಿಣದ ಗೋಪುರ ಕಾಣುತ್ತಿತ್ತು. ಬೇಲಿಯ ಆಚೆ ಹೋಗುವಂತಿಲ್ಲ. ಈಚೆ ಒಂದು ಕಲ್ಲುಕಟ್ಟೆ ಇತ್ತು, ಅದರ ಮೇಲೆ ಕಾಲು ಚಾಚಿ ಕೂರುತ್ತಿದ್ದ.

ಇಲ್ಲಿ ಕೂತರೆ ಅವನಿಗೆ ನೆನಪಾಗುತ್ತಿದ್ದುದು ಜನ. ಪಾಳಿಗೆ ಕರೆಯುವ ಸೈರನ್ನು, ಅಲ್ಲಿನವರ ಮಾತಲ್ಲಿ ಸಂಗು, ಊದಿತೆಂದರೆ ಒಂದೊಂದು ಲೈನಿನಿಂದಲೂ ಗಂಡಸರು ಹೊರಬೀಳುತ್ತಿದ್ದರು. ಬುತ್ತಿ, ದೀಪ, ತಲೆಗೆ ಟೊಪ್ಪಿ. ಒಬ್ಬ ತಮಿಳಲ್ಲಿ ಬೈದರೆ ಇನ್ನೊಬ್ಬ ತೆಲುಗಲ್ಲಿ ತಿರುಗಿ ಬೈಯುವನು, ಮೂರನೆಯವನು ಕನ್ನಡದಲ್ಲಿ ಇಬ್ಬರನ್ನೂ ಬಿಡಿಸುವನು. ಟೀ ಅಂಗಡಿಯ ಮುಂದೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಈಗ ಅದೇ ದಾರಿಯಲ್ಲಿ ಎರಡು ಆಡು ಮೇಯುತ್ತಿದ್ದವು. ಆ ಗದ್ದಲ ಒಂದು ದಿನದ ಮಟ್ಟಿಗಾದರೂ ವಾಪಸು ಬಂದರೆ ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ.

ಅವತ್ತು ಕಟ್ಟೆಯ ಮೇಲೆ ಕೂತವನಿಗೆ ಕೇಜಿನ ನೆನಪಾಯಿತು. ಆಳುಗಳನ್ನು ಬಾವಿಯೊಳಗೆ ಇಳಿಸಿ ಏರಿಸುತ್ತಿದ್ದ ಕಬ್ಬಿಣದ ಗೂಡು ಅದು. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿರಲಿಲ್ಲ. ಪಾಳಿ ಮುಗಿದು ಕೆಳಗೆ ನೂರಾರು ಜನ ಸಾಲು ನಿಂತಿದ್ದರು. ಸೆಕೆಗೆ ತಲೆ ಸುತ್ತುತ್ತಿತ್ತು. ಕೇಜು ಬಂದು ನಿಂತಾಗ ಅವನು ತನ್ನ ಮುಂದಿದ್ದ ಒಬ್ಬ ಮುದುಕನನ್ನು ಭುಜದಿಂದ ಸರಿಸಿ ಒಳಗೆ ನುಗ್ಗಿದ. ಗಂಟೆ ಹೊಡೆದು ಮೇಲಿನವರಿಗೆ ಸನ್ನೆ ಕೊಡುವ ಕೆಲಸದಲ್ಲಿದ್ದವನು ತೆಲುಗಿನವನು. ಅವನು ಗಂಟೆಯ ಹಗ್ಗ ಬಿಟ್ಟು, ಸೆಲ್ವರಾಜನ ಅಂಗಿ ಹಿಡಿದು ಹೊರಗೆಳೆದು, ಆ ಮುದುಕನನ್ನು ಒಳಗೆ ಬಿಟ್ಟ. ಬೈಯಲಿಲ್ಲ, ಹೊಡೆಯಲಿಲ್ಲ. ಸಾಲಿನ ಕೊನೆ ತೋರಿಸಿದ. ಸೆಲ್ವರಾಜ್ ಎಲ್ಲರ ಕಣ್ಣಮುಂದೆ ಅಷ್ಟು ದೂರ ನಡೆದು ಹೋಗಿ ಕಡೆಯವನಾಗಿ ನಿಂತ. ಮೇಲೆ ಬರುವಾಗ ಒಂದೂವರೆ ಗಂಟೆ ಕಳೆದಿತ್ತು. ಬಾವಿಯ ಬಾಯಲ್ಲಿ ಅಪ್ಪ ಕಾದಿದ್ದರು. ಅವರಿಗೆ ಸುದ್ದಿ ಆಗಲೇ ಮುಟ್ಟಿತ್ತು. ಮನೆಯವರೆಗೂ ಒಂದು ಮಾತಾಡಲಿಲ್ಲ. ಅವತ್ತು ಅವರು ಏನಾದರೂ ಅಂದಿದ್ದರೆ ಮರೆತುಹೋಗುತ್ತಿತ್ತೋ ಏನೋ.

ಸುಮಾರು ನಲವತ್ತು ವರ್ಷದ ಹಿಂದೆ ತನ್ನನ್ನು ಹೊರಗೆಳೆಯಲು ಒಬ್ಬನಿದ್ದ. ಕಡಲಲ್ಲಿ ಯಾರೂ ಇರಲಿಲ್ಲ. ಅಲ್ಲಿ ಆ ಕೆಲಸ ಮಾಡಬೇಕಾಗಿದ್ದವನು ತಾನೇ ಆಗಿದ್ದೆನಲ್ಲ ಎಂದು ಸೆಲ್ವರಾಜ್ ಅಂದುಕೊಂಡ. ಇಲ್ಲಿ ಜನ ಇಲ್ಲ ಎಂದು ಕೊರಗುವವನಿಗೆ ಅಲ್ಲಿ ಜನ ಇದ್ದಾರೆಂದು ಯಾಕೆ ಅಷ್ಟು ಸಿಟ್ಟು ಬಂತು ಎಂದು ತನ್ನನ್ನೇ ಕೇಳಿಕೊಂಡ. ಮನೆಗೆ ಬಂದವನು ತಂಗಿಗೆ ನಡೆದದ್ದೆಲ್ಲ ಹೇಳಿದ. ಅವಳು ಕೈಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಕೇಳಿಸಿಕೊಂಡಳು. ಕೇಳಿ ಮುಗಿದ ಮೇಲೆ, ಬೂದಿಕೋಟೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಮಾತ್ರ ಕೇಳಿದಳು.

ಮಾರನೇ ದಿನ ಬಂಗಾರಪೇಟೆಯಲ್ಲಿ ಬೂದಿಕೋಟೆಯ ಬಸ್ಸು ಹತ್ತುವಾಗ ಮೆಟ್ಟಿಲಿಗೆ ಕಾಲು ಎತ್ತಲಾಗದೆ ಸೆಲ್ವರಾಜ್ ಪರದಾಡಿದ. ಯಾರೋ ಹೆಂಗಸು ಬುಟ್ಟಿ ಕೆಳಗಿಟ್ಟು ಅವನ ರಟ್ಟೆ ಹಿಡಿದು ಹತ್ತಿಸಿದಳು. ಕಿಟಕಿಯಾಚೆ ಟೊಮೆಟೊ ತೋಟಗಳು, ಕಡ್ಡಿ ನೆಟ್ಟ ಸಾಲುಗಳು ಹಿಂದೆ ಸರಿಯುತ್ತಿದ್ದವು. ಹೇಳಬೇಕಾದ ಮಾತನ್ನು ಅವನು ಮನಸ್ಸಿನಲ್ಲೇ ಮೂರು ನಾಲ್ಕು ತರ ಜೋಡಿಸಿದ. ಇಳಿಯುವ ಹೊತ್ತಿಗೆ ಒಂದೂ ನೆನಪಿನಲ್ಲಿ ಉಳಿಯಲಿಲ್ಲ.

ಆಂಜಿನಪ್ಪನ ಮನೆಯ ಮುಂದೆ ನಾಲ್ಕು ಸೀಮೆಹಸು ಕಟ್ಟಿದ್ದವು. ಸೆಲ್ವರಾಜನನ್ನು ನೋಡಿ ಆಂಜಿನಪ್ಪ ಹುಲ್ಲಿನ ಕಂತೆ ಅಲ್ಲೇ ಬಿಟ್ಟು ಓಡಿ ಬಂದ. ತಾನೇ ಬರುತ್ತಿದ್ದೆನಲ್ಲ, ಈ ಕಾಲಲ್ಲಿ ಯಾಕೆ ಬಂದಿರಿ ಎಂದು ಗದರಿದ. ಪಿಳ್ಳಮ್ಮ ಕುರ್ಚಿ ತಂದಳು, ಮಜ್ಜಿಗೆ ತಂದಳು. ಶಶಿರೇಖ ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಬಂದವಳು ಇವನನ್ನು ಕಂಡು ಕೊಟ್ಟಿಗೆಯ ಬಾಗಿಲಲ್ಲೇ ನಿಂತಳು.

ಸೆಲ್ವರಾಜ್ ಮಜ್ಜಿಗೆ ಮುಟ್ಟಲಿಲ್ಲ.

“ಆಂಜಿನಪ್ಪನೋರೆ, ಆ ಅಲೆ ನಿಮ್ಮ ಮಗಳ್ದು. ನಾನು ನೋಡಿ ನೋಡಿನೇ ಅಡ್ಡ ಬಂದೆ. ತಪ್ಪು ನಂದು.”

ಆಂಜಿನಪ್ಪನಿಗೆ ಅರ್ಥವಾಗಲಿಲ್ಲ. ಸಮುದ್ರದ ಅಲೆ ಯಾರದು ಅಂತ ಇರುತ್ತದೆಯೇ ಎಂದು ಹೆಂಡತಿಯ ಮುಖ ನೋಡಿದ. ಸೆಲ್ವರಾಜ್ ಬೇರೆ ತರ ಹೇಳಬೇಕಾಯಿತು. ಕೆರೆಯ ನೀರಗಂಟಿ ಸರದಿಯ ಪ್ರಕಾರ ಒಬ್ಬರ ಗದ್ದೆಗೆ ನೀರು ಬಿಟ್ಟಿರುತ್ತಾನೆ, ಅದು ಕಾಲುವೆಯಲ್ಲಿ ಹರಿದು ಹೋಗುತ್ತಿರುವಾಗ ಇನ್ನೊಬ್ಬ ನಡುವೆ ಮಣ್ಣು ಅಡ್ಡ ಹಾಕಿ ತನ್ನ ಹೊಲಕ್ಕೆ ತಿರುಗಿಸಿಕೊಳ್ಳುತ್ತಾನೆ. ತಾನು ಮಾಡಿದ್ದು ಅದನ್ನೇ ಎಂದ. ಆಮೇಲೆ ಆಸ್ಪತ್ರೆಯಲ್ಲಿ ಕೇಳಿದವರಿಗೆ ನಿಜ ಹೇಳಲಿಲ್ಲ, ಅದಕ್ಕೇ ಅವಳ ಕೆಲಸ ಹೋಯಿತು ಎಂದೂ ಹೇಳಿದ.

ನೀರಿನ ಸರದಿ ಎಂದರೆ ಆಂಜಿನಪ್ಪನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಮುಖದ ಮೇಲಿದ್ದ ಆದರ ನಿಧಾನವಾಗಿ ಇಳಿಯಿತು. ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲೆ ಹಾಕಿಕೊಂಡ.

“ಏಳು ಕಿತ ಬಂದೆ ಮೇಸ್ಟ್ರೇ,” ಎಂದ. “ಏಳು ಕಿತನೂ ನಿಮ್ ಕಾಲು ಹಿಡ್ದೆ. ನೀವು ಹಿಡಿಸ್ಕೊಂಡ್ರಿ.”

ಆಂಜಿನಪ್ಪ ಎದ್ದು, ಬಿಟ್ಟು ಬಂದಿದ್ದ ಹುಲ್ಲಿನ ಕಂತೆಯ ಕಡೆ ಹೋದ. ಹಸುಗಳ ಮುಂದೆ ಒಂದೊಂದು ಹಿಡಿಯಾಗಿ ಹಾಕತೊಡಗಿದ. ಮತ್ತೆ ಈ ಕಡೆ ತಿರುಗಲಿಲ್ಲ. ಪಿಳ್ಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಶಶಿರೇಖ ಕ್ಯಾನನ್ನು ಕೆಳಗಿಟ್ಟು ಹತ್ತಿರ ಬಂದಳು. ಕಡಲ ಬಿಸಿಲಿಗೆ ಕಪ್ಪಾಗಿದ್ದ ಅವಳ ಮುಖ ಎರಡು ತಿಂಗಳಲ್ಲಿ ತಿಳಿಯಾಗಿತ್ತು. ಅದನ್ನು ನೋಡಿ ಸೆಲ್ವರಾಜನಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು.

“ನೀವು ತಿರುಗಿ ನೋಡಿದ್ದು ನಂಗೆ ಕಾಣಿಸ್ತು ಸಾರ್,” ಎಂದಳು.

“ಮತ್ತೆ ಅವತ್ತೇ ಯಾಕಮ್ಮ ಯೋಳ್ಲಿಲ್ಲ?”

“ನಾನೇಳಿದ್ರೆ ಯಾರು ನಂಬೋರು? ನೀವೇ ಯೋಳ್ತೀರ ಅಂತ ಕಾದೆ. ಒಂದು ತಿಂಗ್ಳು ಫೋನು ಪಕ್ಕದಲ್ಲೇ ಇಟ್ಕೊಂಡು ಮಲಗ್ತಿದ್ದೆ. ಆಮೇಲೆ ಬುಟ್ಬುಟ್ಟೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸೆಲ್ವರಾಜ್ ತನ್ನ ಜೊತೆ ಕುಪ್ಪಂಗೆ ಬಾ ಎಂದು ಕರೆದ. ಎಲ್ಲರ ಮುಂದೆ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳುತ್ತೇನೆ ಎಂದ. ಅವಳು ಬೇಡವೆಂದು ತಲೆಯಾಡಿಸಿದಳು. ತಾನು ಪಕ್ಕದಲ್ಲಿ ನಿಂತರೆ ಈ ಹುಡುಗಿಯೇ ಹೇಳಿಸಿದಳು ಎನ್ನುತ್ತಾರೆ, ಅಲ್ಲಿ ಅವನು ಒಬ್ಬನೇ ಹೇಳಬೇಕು ಎಂದಳು. ಆಮೇಲೆ ಬರುವುದೋ ಬಿಡುವುದೋ ತಾನು ಯೋಚನೆ ಮಾಡುತ್ತೇನೆ ಎಂದು ಕ್ಯಾನು ತೊಳೆಯಲು ಹೋದಳು. ಸೆಲ್ವರಾಜ್ ಬಸ್ ನಿಲ್ದಾಣದವರೆಗೆ ಒಬ್ಬನೇ ನಡೆದ.

ಆ ವಾರವೇ ಅವನು ಬಂಗಾರಪೇಟೆಯಲ್ಲಿ ಮದರಾಸಿನ ರೈಲು ಹತ್ತಿದ. ಹತ್ತಿಸಲು ಬಂದ ರಾಧಾಮಣಿ ಒಂದು ಬುತ್ತಿ ಚಿತ್ರಾನ್ನ ಕೊಟ್ಟು, ಅಲ್ಲಿ ಏನೇ ಆದರೂ ಈ ಮನೆ ಇದ್ದೇ ಇದೆ ಎಂದಳು.

ಕುಪ್ಪಂನ ಬಲೆ ಒಣಗಿಸುವ ಬಯಲಲ್ಲಿ ಸಭೆ ಸೇರಿತು. ಹಿರಿಯರು, ಶಾಲೆಯವರು, ಹಲಗೆ ಹಿಡಿದು ಬಂದ ನಾನಾ ಊರಿನ ಜನ. ಅವನ ಜೊತೆ ಮೊದಲ ಹಲಗೆ ಹತ್ತಿದ್ದ ಅಣ್ಣತಮ್ಮಂದಿರೂ ಇದ್ದರು, ಅವರ ಕೂದಲೂ ಬೆಳ್ಳಗಾಗಿತ್ತು. ಸೆಲ್ವರಾಜ್ ನಿಂತು, ಮೊದಲಿನಿಂದ ಕೊನೆಯವರೆಗೆ, ತನ್ನ ಹೊಟ್ಟೆಯುರಿಯನ್ನೂ ಬಿಡದೆ ಹೇಳಿದ. ಹಿಂದಿನ ಸಾಲಿನಲ್ಲಿ ಕೆಲವು ಹುಡುಗರು ನಕ್ಕರು. ಶಾಲೆಯವರು ಸಿಟ್ಟಾದರು. ಅಣ್ಣತಮ್ಮಂದಿರಲ್ಲಿ ದೊಡ್ಡವನು ಎದ್ದು ಬಂದು, ಇದನ್ನು ಹೇಳುವುದಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ಅವನ ಮುಖಕ್ಕೇ ಕೇಳಿದ. ಹೌದು, ಬೇಕಾಯಿತು ಎಂದ ಸೆಲ್ವರಾಜ್.

ಸರದಿಯ ಮಾತು ಅವತ್ತಿಗೆ ಮುಗಿಯಲಿಲ್ಲ. ಮೂರು ಭಾನುವಾರ ಅದೇ ಬಯಲಲ್ಲಿ ಜಗಳವಾಡಿದರು. ಫಾಯಿಲ್‌ಗೆ ಮುರಿಯುವ ಅಲೆಯೇ ಬೇಕಾಗಿಲ್ಲ, ಹೊಳೆ ಕಡಲು ಸೇರುವ ಅಳಿವೆಯ ಆಚೆಯ ಮರಳದಿಣ್ಣೆಯ ಉಬ್ಬುಗಳೇ ಸಾಕು, ಅಲ್ಲಿ ಅವರಿಗೆ ಯಾರೂ ಅಡ್ಡ ಇರುವುದಿಲ್ಲ ಎಂದು ಕೊನೆಗೆ ಒಪ್ಪಿಗೆಯಾಯಿತು. ಜನ ಕಡಿಮೆ ಇರುವ ಹೊತ್ತಿನಲ್ಲಿ ಬಂಡೆಸಾಲಿಗೂ ಬರಬಹುದು. ಕಲಿಯುವ ಮಕ್ಕಳು ನೀರಲ್ಲಿದ್ದರೆ ಮಾತ್ರ ಬರುವಂತಿಲ್ಲ. ಪ್ಯಾಡಲ್‌ನವರು ಒಂದು ಅಲೆ ಹಿಡಿದರೆ ಮುಂದಿನ ಎರಡನ್ನು ಕೂತವರಿಗೆ ಬಿಡಬೇಕು. ಇದು ಎಲ್ಲರಿಗೂ ಸಮಾಧಾನ ತಂದಿತು ಎನ್ನುವಂತಿಲ್ಲ. ಈಗಲೂ ನೀರಲ್ಲಿ ಕೂಗಾಟ ಕೇಳುತ್ತದೆ. ಆದರೆ ಆಮೇಲೆ ಯಾರಿಗೂ ಹೊಲಿಗೆ ಬಿದ್ದಿಲ್ಲ.

ಸೆಲ್ವರಾಜನಿಗೆ ಶಾಲೆಯ ಕೆಲಸ ಉಳಿಯಿತು, ಮೊದಲಿನ ಮರ್ಯಾದೆ ಅಷ್ಟಾಗಿ ಉಳಿಯಲಿಲ್ಲ. ಅದನ್ನು ಅವನು ನಿರೀಕ್ಷಿಸಿಯೇ ಇದ್ದ. ಮಲಗಿದ ಹಲಗೆಯಿಂದ ಒಂದೇ ನೆಗೆತಕ್ಕೆ ಏಳಲು ಮಂಡಿ ಒಪ್ಪದೆ, ಅವನು ತಾನು ಇಷ್ಟು ವರ್ಷ ಬೈದ ಪ್ಯಾಡಲ್ ಹಲಗೆಯನ್ನೇ ಹಿಡಿಯಬೇಕಾಯಿತು. ಮೊದಲ ದಿನ ಹುಟ್ಟು ಹಿಡಿದು ನೀರಿಗೆ ಇಳಿದಾಗ ದಂಡೆಯಲ್ಲಿದ್ದವರು ಸೀಟಿ ಹೊಡೆದರು. ಅವನೂ ನಕ್ಕುಬಿಟ್ಟ. ನಿಂತವನಿಗೆ ಕಡಲು ಬೇರೆಯಾಗಿ ಕಾಣುತ್ತಿತ್ತು. ಕೂತವರ ತಲೆಗಳೆಲ್ಲ ಕಪ್ಪು ಚುಕ್ಕಿಗಳಂತೆ ಒಂದೇ ಕಡೆ ನೋಡುತ್ತ ಕಾಯುತ್ತಿದ್ದವು. ಎರಡು ಅಲೆ ಬಿಟ್ಟು ಮೂರನೆಯದಕ್ಕೆ ಕಾದ.

ಶಶಿರೇಖ ಡಿಸೆಂಬರಿನಲ್ಲಿ ಬಂದಳು. ಶಾಲೆಯವರು ಕ್ಷಮೆ ಕೇಳಿ ಪತ್ರ ಬರೆದಿದ್ದರು. ಅವಳು ಹಳೇ ಕೆಲಸ ಬೇಡ, ಮರಳದಿಣ್ಣೆಯ ಹತ್ತಿರ ಫಾಯಿಲ್ ಕಲಿಸುವ ಕೆಲಸ ತನ್ನ ಕೈಗೇ ಬಿಡುವುದಾದರೆ ಬರುತ್ತೇನೆ ಎಂದಿದ್ದಳು, ಅವರು ಒಪ್ಪಿದರು. ಸೆಲ್ವರಾಜನನ್ನು ಕಂಡರೆ ಮಾತಾಡಿಸುತ್ತಾಳೆ. ಅವಳ ಹಳೆಯ ಸ್ನೇಹ ಪೂರ್ತಿ ವಾಪಸು ಬಂದಿಲ್ಲ. ಬೇಗ ಬರಲಿ ಎಂದು ಅವನೂ ಕೇಳಿಕೊಂಡಿಲ್ಲ.

ಫೆಬ್ರವರಿಯಲ್ಲಿ ಆಂಜಿನಪ್ಪ, ಪಿಳ್ಳಮ್ಮ ಮಗಳನ್ನು ನೋಡಲು ಬಂದರು. ರಾಧಾಮಣಿಯೂ ಅವರ ಜೊತೆ ಬಂದಳು. ಬಂಗಾರಪೇಟೆಯಲ್ಲಿ ಅವರನ್ನು ರೈಲಿಗೆ ಕೂರಿಸಿಕೊಂಡು ಬಂದವಳೇ ಅವಳು. ಮೂವರಿಗೂ ಕಡಲು ಅದೇ ಮೊದಲು. ಬೆಳಗಿನ ಹೊತ್ತು ಅಳಿವೆಯಾಚೆ ಶಶಿರೇಖ ನೀರಿನಿಂದ ಮೇಲೆದ್ದು, ಏನನ್ನೂ ಮುಟ್ಟದೆ, ಉದ್ದಕ್ಕೂ ತೇಲಿ ಬರುವುದನ್ನು ಆಂಜಿನಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಪಿಳ್ಳಮ್ಮ ಮಗಳು ಬಿದ್ದಾಳೆಂದು ದೇವರ ಹೆಸರು ಹೇಳುತ್ತ ಕೂತಿದ್ದಳು.

ಬೂದಿಕೋಟೆಯ ಆ ದಿನದ ಮೇಲೆ ಆಂಜಿನಪ್ಪ ಸೆಲ್ವರಾಜನ ಜೊತೆ ಮಾತಾಡಿರಲಿಲ್ಲ. ಸೆಲ್ವರಾಜ್ ದೂರದಲ್ಲೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಆಂಜಿನಪ್ಪ ಪಂಚೆ ಮಡಚಿ ಕಟ್ಟಿ ನೀರಿಗಿಳಿದ. ಅಲೆ ಬಂದು ಹೋಗುವಾಗ ಅವನ ಕಾಲಡಿಯ ಮರಳು ಜಾರಿತು, ಹೆಜ್ಜೆ ತಪ್ಪಿತು.

“ಇದೇನು ಮೇಸ್ಟ್ರೇ, ನೆಲಾನೇ ಎಳ್ಕೊಂಡೋಯ್ತದಲ್ಲ?”

“ಎದುರಿಗೆ ನಿಲ್ಬ್ಯಾಡಿ. ಪಕ್ಕಕ್ಕೆ ತಿರುಗಿ ನಿಂತ್ಕಳಿ,” ಎನ್ನುತ್ತ ಸೆಲ್ವರಾಜ್ ಕುಂಟುತ್ತ ಹತ್ತಿರ ಹೋದ.

ಮುಂದಿನ ಅಲೆ ಬರುವಾಗ ಆಂಜಿನಪ್ಪ ಬೀಳದಂತೆ ಸೆಲ್ವರಾಜನ ತೋಳು ಹಿಡಿದುಕೊಂಡ. ರಾಧಾಮಣಿ ತಿಂಡಿಗೆ ಕರೆಯುವವರೆಗೂ ಇಬ್ಬರೂ ಹಾಗೇ ಮಂಡಿಮಟ್ಟದ ನೀರಲ್ಲಿ ನಿಂತಿದ್ದರು.